ಕಂಪನಿಯ ಮೋಸವನ್ನು ಜನರಿಗೆ ಹೇಳಬೇಕು: ಯಾವ ದಾರಿ ಹಿಡಿದರೆ ಕಾನೂನು ನಿಮ್ಮ ಕಡೆ ಇರುತ್ತದೆ?

ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. ಒಂದು ಆನ್‌ಲೈನ್ ಕೋರ್ಸಿಗೆ ಹಣ ಕಟ್ಟಿದ್ದೆ. ಇಷ್ಟವಾಗದಿದ್ದರೆ ಏಳು ದಿನದೊಳಗೆ ಹೇಳಿ, ಪೂರ್ತಿ ಹಣ ವಾಪಸ್ ಅಂತ ಜಾಹೀರಾತಿನಲ್ಲಿತ್ತು. ನಾಲ್ಕನೇ ದಿನವೇ ಬೇಡ ಅಂದೆ. ಎರಡು ತಿಂಗಳು ಸತಾಯಿಸಿದರು. ಸಿಟ್ಟು ನೆತ್ತಿಗೇರಿತು. ಒಂದು ರಾತ್ರಿ ಕೂತು ಬರೆದೇಬಿಟ್ಟೆ: "ಇವರು ಕಳ್ಳರು. ಯಾರಿಗೂ ಹಣ ವಾಪಸ್ ಕೊಡುವುದಿಲ್ಲ." ಜನ ಹಂಚಿಕೊಂಡರು, ನನಗೂ ಖುಷಿಯಾಯಿತು. ಹತ್ತನೇ ದಿನಕ್ಕೆ ವಕೀಲರ ನೋಟಿಸ್ ಬಂತು.

ಪರಿಚಯದ ವಕೀಲರೊಬ್ಬರಿಗೆ ತೋರಿಸಿದೆ. ಅವರು ನನ್ನ ಪೋಸ್ಟಿನ ಎರಡು ಪದಗಳ ಕೆಳಗೆ ಗೆರೆ ಎಳೆದರು. ಒಂದು, 'ಕಳ್ಳರು'. ಇನ್ನೊಂದು, 'ಯಾರಿಗೂ'. "ಯಾರಿಗೂ ಅಂದಿದ್ದೀರಲ್ಲ, ಎಷ್ಟು ಜನರ ಲೆಕ್ಕ ನಿಮ್ಮ ಹತ್ತಿರ ಇದೆ?" ಅಂದರು. ನನ್ನ ಹತ್ತಿರ ಇದ್ದದ್ದು ಒಬ್ಬರದೇ ಲೆಕ್ಕ, ನನ್ನದು. ಪೋಸ್ಟ್ ತೆಗೆದೆ. ಅವರು ಹೇಳಿದಂತೆ ಮತ್ತೆ ಬರೆದೆ: ಇಂಥ ದಿನ ಹಣ ಕಟ್ಟಿದೆ, ಇಂಥ ದಿನ ಬೇಡ ಅಂದೆ, ಜಾಹೀರಾತಿನ ಮಾತು ಇದು, ಕೇಳಿ ಇವತ್ತಿಗೆ 73 ದಿನ, ಹಣ ಬಂದಿಲ್ಲ. ಆ ಪೋಸ್ಟಿಗೆ ಯಾವ ನೋಟಿಸೂ ಬರಲಿಲ್ಲ. ಅದು ಈಗಲೂ ಅಲ್ಲೇ ಇದೆ.

ಜನರನ್ನು ಎಚ್ಚರಿಸಲು ಇದೊಂದೇ ದಾರಿಯಲ್ಲ ಅಂತ ಆಮೇಲೆ ಗೊತ್ತಾಯಿತು. ನಾವೇ ಬರೆಯಬಹುದು, ಸರ್ಕಾರಿ ಸಂಸ್ಥೆಗೆ ದೂರು ಕೊಡಬಹುದು, ಕೋರ್ಟಿಗೆ ಹೋಗಬಹುದು, ಗ್ರಾಹಕ ಸಂಘಟನೆಯ ಮೂಲಕ ಹೋಗಬಹುದು, ಪತ್ರಕರ್ತರಿಗೆ ಹೇಳಬಹುದು. ಒಳಗೆ ಕೆಲಸ ಮಾಡುವವರಿಗೆ ಬೇರೆಯದೇ ದಾರಿ ಇದೆ. ಯಾವುದನ್ನು ಹಿಡಿಯಬೇಕು ಅನ್ನುವುದನ್ನು ನಿಮ್ಮ ಸಿಟ್ಟು ಎಷ್ಟಿದೆ ಅಂತ ನೋಡಿ ತೀರ್ಮಾನಿಸಬೇಡಿ. ನಿಮ್ಮ ಕೈಯಲ್ಲಿ ಎಷ್ಟು ಕಾಗದ ಇದೆ ಅಂತ ನೋಡಿ.

ನಿಜ ಹೇಳಿದರೆ ಸಾಕಾ?

"ನಾನು ನಿಜವನ್ನೇ ಹೇಳಿದ್ದೇನೆ, ನನಗೇನು ಭಯ?" ಅಂತ ಎಲ್ಲರೂ ಅನ್ನುತ್ತಾರೆ. ಒಂದೊಂದು ದೇಶದಲ್ಲಿ ಇದಕ್ಕೆ ಒಂದೊಂದು ಉತ್ತರ.

ಇಂಗ್ಲೆಂಡಿನಲ್ಲಿ ನಿಜ ಹೇಳಿದವರು ಗೆಲ್ಲುತ್ತಾರೆ. ಆದರೆ ನಿಜ ಅಂತ ಸಾಬೀತು ಮಾಡುವ ಹೊಣೆ ಹೇಳಿದವರ ಮೇಲೆಯೇ. ಅಲ್ಲಿನ 2013ರ ಮಾನನಷ್ಟ ಕಾಯ್ದೆ ಒಂದು ಒಳ್ಳೆಯ ಕೆಲಸ ಮಾಡಿತು. ಲಾಭಕ್ಕಾಗಿ ನಡೆಯುವ ಕಂಪನಿ ಕೇಸು ಹಾಕಬೇಕಾದರೆ ತನಗೆ ಗಂಭೀರವಾದ ಹಣದ ನಷ್ಟ ಆಗಿದೆ, ಇಲ್ಲವೇ ಆಗಲಿದೆ ಅಂತ ತೋರಿಸಬೇಕು. ಸುಮ್ನೆ ಮರ್ಯಾದೆ ಹೋಯಿತು ಅಂದರೆ ನಡೆಯುವುದಿಲ್ಲ. ಅಮೆರಿಕದಲ್ಲಿ ಹೊಣೆ ತಿರುಗುಮುರುಗು. ಜನರಿಗೆ ಸಂಬಂಧಿಸಿದ ವಿಷಯವಾದರೆ ಹೇಳಿದ್ದು ಸುಳ್ಳು ಅಂತ ಸಾಮಾನ್ಯವಾಗಿ ಕಂಪನಿಯೇ ತೋರಿಸಬೇಕಾಗುತ್ತದೆ.

ಭಾರತದಲ್ಲಿ ಎರಡು ಬಾಗಿಲು. ಪರಿಹಾರ ಕೇಳುವ ಸಿವಿಲ್ ದಾವೆಯಲ್ಲಿ ನಿಜ ಅಂತ ಸಾಬೀತಾದರೆ ಸಾಕು. ಕ್ರಿಮಿನಲ್ ಮಾನನಷ್ಟದಲ್ಲಿ ಹಾಗಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಮಾತು ನಿಜವಾಗಿರಬೇಕು, ಜೊತೆಗೆ ಅದನ್ನು ಹೇಳುವುದರಲ್ಲಿ ಜನರ ಹಿತವೂ ಇರಬೇಕು. ಶಿಕ್ಷೆ ಎರಡು ವರ್ಷದವರೆಗೆ ಸಾದಾ ಜೈಲು, ದಂಡ, ಇಲ್ಲವೇ ಸಮುದಾಯ ಸೇವೆ. ದಕ್ಷಿಣ ಕೊರಿಯಾ ಇನ್ನೂ ಬಿಗಿ. ಅಲ್ಲಿ ನಿಜ ಹೇಳಿ ಮಾನ ಕಳೆದರೂ ಅಪರಾಧ. ಜನಹಿತಕ್ಕಾಗಿಯೇ ಹೇಳಿದೆ ಅಂತ ತೋರಿಸಿದರೆ ಮಾತ್ರ ಬಿಡುಗಡೆ. 2021ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆ ಕಾನೂನನ್ನು ಎತ್ತಿಹಿಡಿಯಿತು.

ಅಭಿಪ್ರಾಯದ ಮಾತು ಬೇರೆ. "ಇವರ ಸೇವೆ ನನಗೆ ಹಿಡಿಸಲಿಲ್ಲ" ಅನ್ನುವುದಕ್ಕೆ ರಕ್ಷಣೆ ಜಾಸ್ತಿ. ಆದರೆ ಅಭಿಪ್ರಾಯ ಯಾವುದರ ಮೇಲೆ ನಿಂತಿದೆ ಅಂತ ಓದುವವರಿಗೆ ಗೊತ್ತಾಗಬೇಕು. ಇಂಗ್ಲೆಂಡಿನ ಕಾಯ್ದೆ ಇದನ್ನು ನೇರವಾಗಿಯೇ ಕೇಳುತ್ತದೆ. ವಾಕ್ಯದ ಮುಂದೆ "ನನ್ನ ಅಭಿಪ್ರಾಯದಲ್ಲಿ" ಅಂತ ಅಂಟಿಸಿದ ಮಾತ್ರಕ್ಕೆ "ಇವರು ನಕಲಿ ಬಿಲ್ ಮಾಡುತ್ತಾರೆ" ಅನ್ನುವುದು ಅಭಿಪ್ರಾಯವಾಗುವುದಿಲ್ಲ.

ನೀವೇ ಬರೆಯುವುದು

ಎಲ್ಲಕ್ಕಿಂತ ಬೇಗ, ಎಲ್ಲಕ್ಕಿಂತ ಸುಲಭ, ಖರ್ಚಿಲ್ಲ. ರಿವ್ಯೂ ಬರೆದ ಮರುಗಳಿಗೆಯೇ ಇನ್ನೊಬ್ಬರು ಓದಿ ಹುಷಾರಾಗಬಹುದು. ಆದರೆ ಹೊಣೆ ಪೂರ್ತಿ ನಿಮ್ಮ ಒಬ್ಬರದೇ.

ಹಾಗಾಗಿ ಪದಗಳ ವಿಷಯದಲ್ಲಿ ಸ್ವಲ್ಪ ಜಿಪುಣರಾಗಿ. ಏನಾಯಿತು ಅಂತ ಬರೆಯಿರಿ, ಕಂಪನಿ ಎಂಥದ್ದು ಅಂತ ಬರೆಯಬೇಡಿ. "ಮೋಸಗಾರರು" ಅನ್ನುವ ಬದಲು "ರದ್ದು ಮಾಡಿದ ಮೇಲೂ ಮೂರು ತಿಂಗಳು ನನ್ನ ಖಾತೆಯಿಂದ ಹಣ ಕಡಿತವಾಗಿದೆ, ರದ್ದು ಮಾಡಿದ ಇಮೇಲ್ ಇಲ್ಲಿದೆ" ಅನ್ನಿ. "ಬೇಕಂತಲೇ ಮಾಡಿದರು" ಅನ್ನಬೇಡಿ, ಅವರ ಮನಸ್ಸಿನೊಳಗೆ ಏನಿತ್ತು ಅಂತ ನಿಮಗೆ ಹೇಗೆ ಗೊತ್ತು? "ಎಲ್ಲರಿಗೂ", "ಯಾವಾಗಲೂ", "ಯಾರಿಗೂ" ಈ ಮೂರನ್ನು ಕೈಬಿಡಿ. ನನಗೆ ಬಿದ್ದ ಪೆಟ್ಟು ಅದೇ ಜಾಗಕ್ಕೆ. ತಮಾಷೆ ಅಂದರೆ, ಬೈಗುಳ ತೆಗೆದ ಮೇಲೆ ನನ್ನ ಪೋಸ್ಟ್ ಜಾಸ್ತಿ ಖಾರವಾಗಿ ಕಂಡಿತು. "73 ದಿನ" ಅನ್ನುವುದರ ಮುಂದೆ "ಕಳ್ಳರು" ಸಪ್ಪೆ.

ಇನ್ನೊಂದು ಗುಂಡಿ ನಮ್ಮ ಭಾಷೆಯಲ್ಲೇ ಇದೆ. ವಾಕ್ಯದ ಕೊನೆಗೆ 'ಅಂತೆ' ಸೇರಿಸಿದರೆ ಹೊಣೆ ಕಳಚಿತು ಅಂದುಕೊಳ್ಳುತ್ತೇವೆ. "ಅವರು ಹಳೇ ಮಾಲನ್ನೇ ಹೊಸ ಡಬ್ಬಕ್ಕೆ ತುಂಬುತ್ತಾರಂತೆ." ಕೋರ್ಟಿಗೆ ಆ 'ಅಂತೆ' ಕಾಣಿಸುವುದೇ ಇಲ್ಲ. ಬೇರೆಯವರು ಹೇಳಿದ್ದನ್ನು ನೀವು ಮತ್ತೆ ಹೇಳಿದರೆ ಅದು ನೀವೇ ಹೇಳಿದ ಹಾಗೆ. ಗುಂಪುಗಳಲ್ಲಿ ಬಂದ ಫಾರ್ವರ್ಡ್ ಮೆಸೇಜಿಗೂ ಇದೇ ಲೆಕ್ಕ. ಅಂತೆ-ಕಂತೆ ಬಿಟ್ಟು ನಿಮಗಾದದ್ದನ್ನು ಮಾತ್ರ ಹೇಳಿ. ಬೇರೆಯವರ ಅನುಭವವನ್ನು ಅವರೇ ಬರೆಯಲಿ.

ಕಸ್ಟಮರ್ ಕೇರ್‌ನಲ್ಲಿ ಮಾತಾಡಿದ ಹುಡುಗನ ಹೆಸರು, ಫೋಟೋ, ಫೋನ್ ನಂಬರ್ ಹಾಕಬೇಡಿ. ನಿಯಮ ಮಾಡಿದ್ದು ಅವನಲ್ಲ. ಹಾಕಿದರೆ ಖಾಸಗಿತನದ ಹೊಸ ತಕರಾರು ನಿಮ್ಮ ತಲೆಗೇ ಬರುತ್ತದೆ.

ಬರೆಯುವ ಮುಂಚೆ ಒಪ್ಪಂದ ತೆಗೆದು ಒಮ್ಮೆ ಓದಿ. ಕೆಲವು ಕಂಪನಿಗಳು "ನಮ್ಮ ಬಗ್ಗೆ ಕೆಟ್ಟದ್ದು ಬರೆಯುವಂತಿಲ್ಲ" ಅಂತ ಸಣ್ಣ ಅಕ್ಷರದಲ್ಲಿ ಸೇರಿಸಿರುತ್ತವೆ. ಅಮೆರಿಕದಲ್ಲಿ 2016ರ ಗ್ರಾಹಕ ವಿಮರ್ಶೆ ಕಾಯ್ದೆ ಬಂದ ಮೇಲೆ, ಸಿದ್ಧ ನಮೂನೆಯ ಒಪ್ಪಂದಗಳಲ್ಲಿ ಇಂಥ ಷರತ್ತಿಗೆ ಬೆಲೆಯಿಲ್ಲ. ಬೇರೆ ಕಡೆ ಸಹಿ ಹಾಕಿದ್ದೀರಾದರೆ ವಕೀಲರನ್ನು ಕೇಳಿ. ರಾಜಿ ಮಾಡಿಕೊಳ್ಳುವಾಗ ಹಾಕುವ ಸಹಿ ಇನ್ನೂ ಮುಖ್ಯ. "ಗೌಪ್ಯತೆ" ಅನ್ನುವ ಷರತ್ತಿಗೆ ಒಪ್ಪಿದ ಮೇಲೆ ಬಾಯಿ ಬಿಟ್ಟರೆ ತಪ್ಪು ನಿಮ್ಮದೇ.

ಹಣಕ್ಕೂ ಪೋಸ್ಟಿಗೂ ಗಂಟು ಹಾಕಲೇಬೇಡಿ. "ನಾಳೆಯೊಳಗೆ ಹಣ ಹಾಕದಿದ್ದರೆ ನಿಮ್ಮ ಮರ್ಯಾದೆ ತೆಗೀತೀನಿ" ಅಂತ ಮೆಸೇಜ್ ಕಳಿಸಿದರೆ, ನ್ಯಾಯ ನಿಮ್ಮ ಕಡೆ ಇದ್ದರೂ ಅದು ಬೆದರಿಸಿ ವಸೂಲಿ ಮಾಡಿದಂತೆ ಕಾಣುತ್ತದೆ. ಬರಬೇಕಾದಷ್ಟಕ್ಕಿಂತ ಜಾಸ್ತಿ ಕೇಳಿದಿರೋ, ಮುಗಿಯಿತು. ಹಣ ಕೇಳುವ ಪತ್ರ ಬೇರೆ ಇರಲಿ, ಜನರಿಗೆ ಹೇಳುವ ಮಾತು ಬೇರೆ ಇರಲಿ.

ಸರ್ಕಾರಿ ಸಂಸ್ಥೆಗೆ ದೂರು

ಇದು ನಿಧಾನ, ಬೇಸರ ಹುಟ್ಟಿಸುತ್ತದೆ. ಎಷ್ಟೋ ಸಲ ಸ್ವೀಕೃತಿಯ ನಂಬರ್ ಬಿಟ್ಟರೆ ಮತ್ತೇನೂ ಬರುವುದಿಲ್ಲ. ಆದರೂ ನನ್ನನ್ನು ಕೇಳಿದರೆ ಮೊದಲ ಹೆಜ್ಜೆ ಇದೇ ಆಗಬೇಕು.

ಕಾರಣ ಇದೆ. ಅಧಿಕಾರ ಇರುವವರ ಮುಂದೆ ಸದ್ಭಾವನೆಯಿಂದ ದೂರು ಹೇಳುವುದಕ್ಕೆ ಕಾನೂನು ಜಾಸ್ತಿ ರಕ್ಷಣೆ ಕೊಡುತ್ತದೆ. ಭಾರತದ ಕ್ರಿಮಿನಲ್ ಮಾನನಷ್ಟದ ಕಾನೂನಿನಲ್ಲಿ ಇದಕ್ಕೇ ಒಂದು ವಿನಾಯಿತಿ ಇದೆ. ನೀವು ಹೇಳಿದ್ದರಲ್ಲಿ ಚೂರು ಹೆಚ್ಚುಕಮ್ಮಿ ಆಗಿದ್ದರೂ, ಎಚ್ಚರವಹಿಸಿ ಸದ್ಭಾವನೆಯಿಂದ ಹೇಳಿದ್ದರೆ ಇಲ್ಲಿ ಉಳಿಯುವ ಸಾಧ್ಯತೆ ಜಾಸ್ತಿ. ಪೋಸ್ಟಿನಲ್ಲಿ ಅಷ್ಟು ಸಲಿಗೆ ಇಲ್ಲ.

ಎಚ್ಚರಿಕೆ ಕೊಡುವ ಬಲವೂ ಈ ಸಂಸ್ಥೆಗಳಿಗೇ ಜಾಸ್ತಿ. ಭಾರತದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರ ಜುಲೈನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಶುರುವಾಯಿತು. ದಾರಿತಪ್ಪಿಸುವ ಜಾಹೀರಾತಿಗೆ ಅದು 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಮತ್ತೆ ಮಾಡಿದರೆ 50 ಲಕ್ಷದವರೆಗೆ. ಅಪಾಯಕಾರಿ ಸರಕುಗಳ ಬಗ್ಗೆ ಜನರಿಗೆ ಸುರಕ್ಷತಾ ನೋಟಿಸ್ ಹೊರಡಿಸಬಹುದು. ಅಂದರೆ ನೀವು ಕೂಗಿ ಹೇಳಬೇಕು ಅಂದುಕೊಂಡದ್ದನ್ನು ಸರ್ಕಾರದ ಬಾಯಲ್ಲೇ ಹೇಳಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ನಂಬರಿಗೆ ಫೋನ್ ಮಾಡಿದರೂ ದೂರು ದಾಖಲಾಗುತ್ತದೆ.

ಅಮೆರಿಕದ ವ್ಯವಸ್ಥೆ ನನಗೆ ತುಂಬ ಹಿಡಿಸಿತು. ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2011ರಿಂದ ಒಂದು ಬಹಿರಂಗ ದತ್ತಾಂಶ ಇಟ್ಟಿದೆ. ಗ್ರಾಹಕರು ಅಪಾಯಕಾರಿ ವಸ್ತುವಿನ ಬಗ್ಗೆ ಬರೆದ ವರದಿ ಅಲ್ಲಿ ಎಲ್ಲರಿಗೂ ಕಾಣುತ್ತದೆ, ಪಕ್ಕದಲ್ಲೇ ಕಂಪನಿಯ ಉತ್ತರಕ್ಕೂ ಜಾಗ ಇದೆ. ಸಾಲ, ಬ್ಯಾಂಕು, ಕ್ರೆಡಿಟ್ ಕಾರ್ಡಿನ ದೂರುಗಳಿಗೂ ಅಲ್ಲಿ ಇಂಥದ್ದೇ ಬಹಿರಂಗ ದತ್ತಾಂಶ ಇದೆ. ದೂರೂ ಆಯಿತು, ಎಚ್ಚರಿಕೆಯೂ ಆಯಿತು. ಹೂಡಿಕೆಯ ಹೆಸರಿನ ಮೋಸವಾದರೆ ಹಣಕಾಸು ನಿಯಂತ್ರಕರ ಕಡೆ ಹೋಗಿ. ಬ್ರಿಟನ್ನಿನ ನಿಯಂತ್ರಕ ಸಂಸ್ಥೆ ಅನುಮತಿಯಿಲ್ಲದೆ ವ್ಯವಹಾರ ಮಾಡುವ ಕಂಪನಿಗಳ ಎಚ್ಚರಿಕೆ ಪಟ್ಟಿಯನ್ನೇ ಹೊರಡಿಸುತ್ತದೆ.

ಒಂದೇ ದೂರಿಗೆ ಸಂಸ್ಥೆ ಎದ್ದು ಕೂರುವುದು ಅಪರೂಪ. ಒಂದೇ ಥರದ ದೂರುಗಳು ರಾಶಿ ಬಿದ್ದಾಗ ಏಳುತ್ತದೆ. ನಿಮ್ಮದು ಆ ರಾಶಿಯ ಒಂದು ಕಾಗದ.

ಕೋರ್ಟ್, ಗ್ರಾಹಕ ಆಯೋಗ

ನಿಮ್ಮ ಹಣ ವಾಪಸ್ ಬೇಕು ಅಂದರೆ ಕೊನೆಗೆ ಬರುವುದು ಇಲ್ಲಿಗೇ. ಭಾರತದಲ್ಲಿ ಗ್ರಾಹಕ ಆಯೋಗಕ್ಕೆ ಹೋಗಲು ತೊಂದರೆಯಾದ ದಿನದಿಂದ ಎರಡು ವರ್ಷ ಸಮಯ. ಒಂದೇ ಥರದ ತೊಂದರೆ ಆದವರೆಲ್ಲರ ಪರವಾಗಿ ಆಯೋಗದ ಅನುಮತಿ ಪಡೆದು ಒಬ್ಬರೇ ದೂರು ಕೊಡಬಹುದು.

ಎಚ್ಚರಿಸುವ ದೃಷ್ಟಿಯಿಂದ ನೋಡಿದರೆ ಇದರ ಲಾಭ ತೀರ್ಪು ಬಂದ ಮೇಲೆ. ತೀರ್ಪಿನಲ್ಲಿ ಇರುವುದನ್ನು ಇದ್ದ ಹಾಗೇ, ಎರಡೂ ಕಡೆಯನ್ನು ಸೇರಿಸಿ ಹೇಳುವುದಕ್ಕೆ ಬಹುತೇಕ ಎಲ್ಲ ಕಡೆ ರಕ್ಷಣೆ ಇದೆ. "ಇಂಥ ಆಯೋಗ ಇಂಥ ದಿನ ಹೀಗೆ ಹೇಳಿದೆ" ಅನ್ನುವುದಕ್ಕಿಂತ ಗಟ್ಟಿಯಾದ ವಾಕ್ಯ ಇನ್ನೊಂದಿಲ್ಲ. ಕೇಸು ನಡೆಯುತ್ತಿರುವಾಗ ಮಾತ್ರ ನಾಲಿಗೆ ಬಿಗಿ ಇರಲಿ. ದೂರು ಕೊಟ್ಟಿದ್ದೇನೆ, ನನ್ನ ಆರೋಪ ಇದು, ಇನ್ನೂ ತೀರ್ಮಾನವಾಗಿಲ್ಲ ಅನ್ನುವಷ್ಟೇ ಸಾಕು.

ಗ್ರಾಹಕ ಸಂಘಟನೆ

ಜನ ಈ ದಾರಿಯನ್ನು ಮರೆತೇಬಿಡುತ್ತಾರೆ. ದೊಡ್ಡ ಕಂಪನಿ, ಸಾವಿರಾರು ಜನರಿಗೆ ಸಣ್ಣ ಸಣ್ಣ ನಷ್ಟ, ಇಂಥ ಕಡೆ ಒಬ್ಬರ ಪೋಸ್ಟಿಗಿಂತ ಸಂಘಟನೆಯ ಒಂದು ವರದಿ ಜಾಸ್ತಿ ಕೆಲಸ ಮಾಡುತ್ತದೆ.

ಬ್ರಿಟನ್ನಿನಲ್ಲಿ ಸಾಲದ ಜೊತೆಗೇ ಒಂದು ವಿಮೆಯನ್ನು ಮಾರುತ್ತಿದ್ದರು. ಕೆಲಸ ಹೋದರೆ, ಕಾಯಿಲೆ ಬಿದ್ದರೆ ಕಂತು ಕಟ್ಟುವ ವಿಮೆ. ಕ್ಲೇಮ್ ಮಾಡಲು ಅರ್ಹತೆಯೇ ಇಲ್ಲದವರಿಗೂ ಮಾರಿದ್ದರು. 2005ರಲ್ಲಿ ಸಿಟಿಜನ್ಸ್ ಅಡ್ವೈಸ್ ಅನ್ನುವ ಸಂಸ್ಥೆ ಇದರ ಬಗ್ಗೆ 'ಸೂಪರ್ ಕಂಪ್ಲೇಂಟ್' ಕೊಟ್ಟಿತು. ಅಲ್ಲಿನ 2002ರ ಕಾನೂನಿನ ಪ್ರಕಾರ ಗೊತ್ತುಮಾಡಿದ ಕೆಲವು ಸಂಘಟನೆಗಳು ಹೀಗೆ ದೂರಿತ್ತರೆ ನಿಯಂತ್ರಕರು 90 ದಿನದೊಳಗೆ ಉತ್ತರ ಹೇಳಲೇಬೇಕು. ಮುಂದೆ ವರ್ಷಗಟ್ಟಲೆ ಎಳೆದಾಟ ನಡೆಯಿತು. ಕೊನೆಗೆ ಬ್ಯಾಂಕುಗಳು ಜನರಿಗೆ ವಾಪಸ್ ಕೊಟ್ಟದ್ದು 3,800 ಕೋಟಿ ಪೌಂಡಿಗೂ ಜಾಸ್ತಿ.

ಭಾರತದ್ದೂ ಒಂದು ಕಥೆ ಇದೆ. ಅಹಮದಾಬಾದಿನ ಗ್ರಾಹಕ ಸಂಶೋಧನಾ ಸಂಸ್ಥೆಯ ಮನುಭಾಯಿ ಶಾ ಅವರು ಜೀವ ವಿಮಾ ನಿಗಮ ಪಾಲಿಸಿದಾರರಿಗೆ ಅನ್ಯಾಯ ಮಾಡುತ್ತಿದೆ ಅಂತ ಅಧ್ಯಯನ ಮಾಡಿ ಪ್ರಕಟಿಸಿದರು. ನಿಗಮದ ಕಡೆಯವರು ಪತ್ರಿಕೆಯಲ್ಲಿ ಲೇಖನ ಬರೆದು ಉತ್ತರ ಕೊಟ್ಟರು. ಅದೇ ಲೇಖನವನ್ನು ನಿಗಮ ತನ್ನ ಸ್ವಂತ ಪತ್ರಿಕೆಯಲ್ಲೂ ಹಾಕಿಕೊಂಡಿತು. ಶಾ ಅವರ ಪ್ರತ್ಯುತ್ತರವನ್ನು ಮಾತ್ರ ಹಾಕಲು ಒಪ್ಪಲಿಲ್ಲ. 1992ರಲ್ಲಿ ಸುಪ್ರೀಂ ಕೋರ್ಟ್, ಅದನ್ನೂ ಹಾಕಬೇಕು ಅಂತ ಹೇಳಿತು. ಅಧ್ಯಯನದಷ್ಟು ಕಾಗದ ಒಬ್ಬ ಗ್ರಾಹಕನ ಹತ್ತಿರ ಎಲ್ಲಿರುತ್ತದೆ ಹೇಳಿ. ಸಂಘಟನೆಯ ಬಲ ಅದೇ.

ಪತ್ರಕರ್ತರು

ಒಳ್ಳೆಯ ಪತ್ರಕರ್ತರು ನಿಮ್ಮ ಮಾತನ್ನು ನಂಬುವುದಿಲ್ಲ, ಪರೀಕ್ಷಿಸುತ್ತಾರೆ. ಕಂಪನಿಗೂ ಫೋನ್ ಮಾಡಿ ಕೇಳುತ್ತಾರೆ. ಪ್ರಕಟಿಸುವ ಹೊಣೆಯನ್ನು ಅವರೂ ಹೊರುತ್ತಾರೆ. ಆದರೆ ಒಮ್ಮೆ ಕೊಟ್ಟ ಮೇಲೆ ಕಥೆ ನಿಮ್ಮ ಕೈಯಲ್ಲಿರುವುದಿಲ್ಲ. ಹತ್ತು ನಿಮಿಷದ ಗೋಳಿಗಿಂತ ಒಂದು ಪುಟದ ದಿನಾಂಕಗಳ ಪಟ್ಟಿ ಕೊಡಿ. ಸುಳ್ಳು ಹೇಳಿ ಅವರ ಕೈಲಿ ಬರೆಸಿದರೆ ನೀವೂ ಸಿಕ್ಕಿಬೀಳುತ್ತೀರಿ.

ನೀವು ಅದೇ ಕಂಪನಿಯ ನೌಕರರಾಗಿದ್ದರೆ

ನಿಮಗೆ ಮೇಲಿನ ಸಲಹೆಗಳು ಹಾಗೇ ಹೊಂದುವುದಿಲ್ಲ. ಇಲ್ಲಿ ಯಾರಿಗೆ ಮೊದಲು ಹೇಳಿದಿರಿ ಅನ್ನುವುದೇ ಮುಖ್ಯ. ಯುರೋಪಿಯನ್ ಒಕ್ಕೂಟದ 2019ರ ನಿರ್ದೇಶನ ಕಂಪನಿಯೊಳಗೆ ಅಥವಾ ಸರ್ಕಾರಿ ಸಂಸ್ಥೆಗೆ ದೂರು ಕೊಟ್ಟವರನ್ನು ಕಾಪಾಡುತ್ತದೆ. ನೇರವಾಗಿ ಜನರ ಮುಂದೆ ಹೋದವರಿಗೆ ರಕ್ಷಣೆ ಸಿಗಬೇಕಾದರೆ, ಮೊದಲು ದೂರು ಕೊಟ್ಟೂ ಏನೂ ಆಗಿರಬಾರದು, ಇಲ್ಲವೇ ಜನರಿಗೆ ತಕ್ಷಣದ ಅಪಾಯದಂಥ ಕಾರಣ ಇರಬೇಕು. ಅಮೆರಿಕದ ಷೇರು ನಿಯಂತ್ರಕರು ಮಾಹಿತಿ ಕೊಟ್ಟವರಿಗೆ ಬಹುಮಾನವನ್ನೂ ಕೊಡುತ್ತಾರೆ. ವಿಧಿಸಿದ ದಂಡ 10 ಲಕ್ಷ ಡಾಲರ್ ದಾಟಿದರೆ, ವಸೂಲಾದದ್ದರ ಶೇ. 10ರಿಂದ 30ರಷ್ಟು. ಭಾರತದಲ್ಲಿ 2013ರ ಕಂಪನಿ ಕಾಯ್ದೆ ಷೇರುಪೇಟೆಯಲ್ಲಿರುವ ಕಂಪನಿಗಳಲ್ಲಿ ಒಳಗಿನ ದೂರು ವ್ಯವಸ್ಥೆ ಇರಬೇಕು ಅನ್ನುತ್ತದೆ.

ಸಾಕ್ಷಿ ಬೇಕು ಅಂತ ಕಂಪನಿಯ ಕಂಪ್ಯೂಟರನ್ನೇ ಪೂರ್ತಿ ಕಾಪಿ ಮಾಡಿಕೊಂಡು ಹೊರಬರಬೇಡಿ. ಬೇಕಾದಷ್ಟೇ ಕಾಗದ, ಅದೂ ಕೆಲಸದಲ್ಲಿ ನಿಮ್ಮ ಕೈಗೆ ಸಹಜವಾಗಿ ಬಂದದ್ದು. ಈ ದಾರಿಯಲ್ಲಿ ಮಾತ್ರ ನಾನು ಖಡಾಖಂಡಿತ ಹೇಳುತ್ತೇನೆ, ವಕೀಲರನ್ನು ಕಾಣದೆ ಒಂದು ಹೆಜ್ಜೆಯೂ ಇಡಬೇಡಿ.

ಕಂಪನಿ ತಿರುಗಿಬಿದ್ದರೆ

ಲಂಡನ್ನಿನಲ್ಲಿ ಮೆಕ್‌ಡೊನಾಲ್ಡ್ಸ್ ವಿರುದ್ಧ ಕರಪತ್ರ ಹಂಚಿದವರ ಕಥೆ ಕೇಳಿರಬಹುದು. 1990ರಲ್ಲಿ ಕಂಪನಿ ಐವರ ಮೇಲೆ ಕೇಸು ಹಾಕಿತು. ಮೂವರು ಕ್ಷಮೆ ಕೇಳಿದರು. ಹೆಲೆನ್ ಸ್ಟೀಲ್, ಡೇವಿಡ್ ಮಾರಿಸ್ ಇಬ್ಬರೇ ನಿಂತರು. ಸರ್ಕಾರದ ಕಾನೂನು ನೆರವು ಸಿಗಲಿಲ್ಲ, ತಾವೇ ವಾದಿಸಿದರು. ವಿಚಾರಣೆ 313 ದಿನ ನಡೆಯಿತು. 1997ರ ತೀರ್ಪಿನಲ್ಲಿ ಅವರು ಹೇಳಿದ ಕೆಲವು ಮಾತು ನಿಜ ಅಂತಾಯಿತು, ಕೆಲವನ್ನು ಸಾಬೀತು ಮಾಡಲು ಆಗಲಿಲ್ಲ. 60,000 ಪೌಂಡ್ ಪರಿಹಾರ ಕೊಡಬೇಕು ಅಂತಾಯಿತು, ಮೇಲ್ಮನವಿಯಲ್ಲಿ 40,000ಕ್ಕೆ ಇಳಿಯಿತು. 2005ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಅವರಿಗೆ ನ್ಯಾಯವಾದ ವಿಚಾರಣೆ ಸಿಕ್ಕಿಲ್ಲ ಅಂತ ಬ್ರಿಟನ್ ಸರ್ಕಾರಕ್ಕೇ ಹೇಳಿತು. ಹದಿನೈದು ವರ್ಷ! ಕರಪತ್ರದಲ್ಲಿ ಸಾಬೀತು ಮಾಡಬಲ್ಲ ಮಾತುಗಳು ಮಾತ್ರ ಇದ್ದಿದ್ದರೆ ಕಥೆ ಬೇರೆ ಆಗುತ್ತಿತ್ತೇನೋ.

ಬಾಯಿ ಮುಚ್ಚಿಸಲಿಕ್ಕೆಂದೇ ಹಾಕುವ ಇಂಥ ಕೇಸುಗಳಿಗೆ 'ಸ್ಲ್ಯಾಪ್' ಅಂತ ಹೆಸರು ಬಿದ್ದಿದೆ. ಕ್ಯಾಲಿಫೋರ್ನಿಯಾದಲ್ಲಿ 1992ರಿಂದಲೇ ಇವನ್ನು ಆರಂಭದಲ್ಲೇ ವಜಾ ಮಾಡಿಸುವ ಕಾನೂನಿದೆ. ಯುರೋಪಿಯನ್ ಒಕ್ಕೂಟ 2024ರಲ್ಲಿ ನಿರ್ದೇಶನ ತಂದಿತು. ಭಾರತದಲ್ಲಿ ಪ್ರತ್ಯೇಕ ಕಾನೂನಿಲ್ಲ. ಆದರೆ ಬ್ಲೂಮ್‌ಬರ್ಗ್ ಅನ್ನುವ ಸುದ್ದಿ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ, ಪ್ರಕಟವಾದ ಬರಹಕ್ಕೆ ವಿಚಾರಣೆಗೂ ಮುಂಚೆ ಸುಲಭಕ್ಕೆ ತಡೆಯಾಜ್ಞೆ ಕೊಡಬಾರದು ಅಂತ ಕೆಳಗಿನ ಕೋರ್ಟುಗಳಿಗೆ ಹೇಳಿದೆ.

ನೋಟಿಸ್ ಬಂದರೆ ಗಾಬರಿ ಬೇಡ, ಅದು ಕೇಸಲ್ಲ. ಯಾವ ವಾಕ್ಯ ತಪ್ಪು ಅನ್ನುತ್ತಿದ್ದಾರೆ ನೋಡಿ. ನಿಜವಾಗಿಯೂ ತಪ್ಪಿದ್ದರೆ ತಿದ್ದಿ. ಇಲ್ಲದಿದ್ದರೆ ವಕೀಲರ ಮೂಲಕ ಸಾಕ್ಷಿ ಇಟ್ಟು ಉತ್ತರ ಕೊಡಿ. ನೋಟಿಸನ್ನು ಫೋಟೋ ಹೊಡೆದು "ನೋಡಿ ಹೆದರಿಸ್ತಿದ್ದಾರೆ" ಅಂತ ಹಾಕುವ ಆಸೆ ಆಗುತ್ತದೆ. ಒಂದು ದಿನ ತಡೆದುಕೊಳ್ಳಿ.

ಹಾಗಾದರೆ ಯಾವುದು?

ನಿಮ್ಮ ಒಬ್ಬರಿಗೇ ಆದ ತೊಂದರೆ, ರಸೀದಿ ಇಮೇಲ್ ಎಲ್ಲ ಇದೆ ಅಂದರೆ: ಕಂಪನಿಗೆ ಲಿಖಿತವಾಗಿ ಕೇಳಿ, ಉತ್ತರ ಬರದಿದ್ದರೆ ದೂರು ಕೊಡಿ, ಆ ದೂರಿನ ನಂಬರಿನ ಜೊತೆಗೆ ನಿಮ್ಮ ಅನುಭವ ಬರೆಯಿರಿ. ಸುರಕ್ಷತೆಯ ವಿಷಯ, ಬ್ಯಾಟರಿ ಉರಿಯಿತು, ಆಟಿಕೆಯ ಚೂರು ಮಗುವಿನ ಗಂಟಲಿಗೆ ಸಿಕ್ಕಿತು ಅಂದರೆ ಕಾಯಬೇಡಿ. ಅವತ್ತೇ ಸರ್ಕಾರಿ ಸಂಸ್ಥೆಗೆ ತಿಳಿಸಿ, ಅವತ್ತೇ ಆದದ್ದನ್ನು ಬರೆಯಿರಿ, ವಸ್ತುವನ್ನು ಎಸೆಯದೆ ಇಟ್ಟುಕೊಳ್ಳಿ. ತುಂಬ ಜನರಿಗೆ ಆಗುತ್ತಿದೆ ಅನ್ನುವ ಅನುಮಾನ ಇದೆ, ಆದರೆ ಕೈಯಲ್ಲಿ ನಿಮ್ಮದೊಂದೇ ಕಾಗದ ಇದೆ ಅಂದರೆ ಸಂಘಟನೆ ಅಥವಾ ಪತ್ರಕರ್ತರು. ಕಾಗದವೇ ಇಲ್ಲ, ಬರೀ ಕೇಳಿದ ಮಾತು ಅಂದರೆ ಸದ್ಯಕ್ಕೆ ಸುಮ್ಮನಿರಿ.

ಯಾವ ದಾರಿ ಹಿಡಿದರೂ ಸ್ಕ್ರೀನ್‌ಶಾಟನ್ನು ಮೊದಲ ದಿನವೇ ತೆಗೆದಿಡಿ. ಜಾಹೀರಾತು, ಷರತ್ತಿನ ಪುಟ, ಚಾಟ್ ಎಲ್ಲ ದಿನಾಂಕ ಕಾಣುವ ಹಾಗೆ. ನಾನು ಕೇಳಿದ ಮೂರನೇ ವಾರಕ್ಕೆ ಆ ಕೋರ್ಸಿನ ಪುಟದಿಂದ "ಏಳು ದಿನ" ಅನ್ನುವ ಸಾಲೇ ಮಾಯವಾಗಿತ್ತು.

ಹಣ ಬಂದ ಮೇಲೆ ಪೋಸ್ಟ್ ತೆಗೆಯಬೇಕಾ ಅಂತ ಕೆಲವರು ಕೇಳುತ್ತಾರೆ. ತೆಗೆಯಬೇಕು ಅಂತಿಲ್ಲ, ಆದರೆ ಹಾಗೇ ಬಿಡಬಾರದು. "ಹಣ ಬಂದಿಲ್ಲ" ಅನ್ನುವುದು ಹಣ ಬಂದ ಮರುದಿನದಿಂದ ಸುಳ್ಳು. ನನ್ನ ಪೋಸ್ಟಿನ ಕೊನೆಗೆ ಈಗ ಇನ್ನೊಂದು ಸಾಲಿದೆ: "ದೂರು ಕೊಟ್ಟ ಮೇಲೆ, 94ನೇ ದಿನ ಪೂರ್ತಿ ಹಣ ಬಂತು."